ಕಲ್ಲಿನ ಧೂಳಿಗೊಂದು ಹೆಸರು: ಬಿಯಾಂಕಾವಿಲ್ಲಾ ಊರಿನಿಂದ ನಮ್ಮ ಶೀಟಿನ ಮನೆಗೆ ಒಂದು ಪಾಠ



ಊರು ಬಿಟ್ಟು ಮುಂಬೈಗೋ, ಪುಣೆಗೋ, ಹೈದರಾಬಾದಿಗೋ, ಚೆನ್ನೈಗೋ ಬಂದ ನಮ್ಮಲ್ಲಿ ಅನೇಕರು ಮೊದಲ ಕೆಲವು ವರ್ಷಗಳನ್ನು ಶೀಟಿನ ಮನೆಯಲ್ಲೇ ಕಳೆದವರು. ಕೆಲವರು ಇಂದಿಗೂ ಅಲ್ಲೇ ಇದ್ದೇವೆ. ಆ ಬೂದು ಬಣ್ಣದ, ಅಲೆಅಲೆಯಾದ ಸಿಮೆಂಟ್ ಶೀಟಿನೊಳಗೆ ಇರುವ ವಸ್ತುವಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿದೆ: ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಇಂಗ್ಲಿಷಿನ ಆಸ್ಬೆಸ್ಟಾಸ್ ಎಂದರೆ ಇದೇ.

ಇವತ್ತಿನ ಬರಹ ಒಂದು ಖನಿಜದ ಬಗ್ಗೆ. "ಆರೋಗ್ಯ ಮಾಲಿಕೆಯಲ್ಲಿ ಕಲ್ಲಿನ ಕಥೆ ಯಾಕೆ?" ಎಂದು ನೀವು ಕೇಳಬಹುದು. ಕಾರಣವಿದೆ. ಒಂದು ಊರಿನ ಜನ ಕಾಯಿಲೆ ಬಿದ್ದ ಮೇಲೆ, ಆ ಕಾಯಿಲೆಗೆ ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ ಹೊಸ ಖನಿಜ ಇದು. ಸ್ವಲ್ಪ ನಿಧಾನವಾಗಿ ಓದಿ. ಕೊನೆಯಲ್ಲಿ ನಮ್ಮ ನಿಮ್ಮ ಮನೆಗೆ ಬೇಕಾದ ಮಾತೂ ಇದೆ.

*ಕಾರ್ಖಾನೆ ಇಲ್ಲದ ಊರಿಗೆ ಕಾರ್ಖಾನೆಯ ಕಾಯಿಲೆ*

ಇಟಲಿ ದೇಶದ ಸಿಸಿಲಿ ದ್ವೀಪದಲ್ಲಿ ಎಟ್ನಾ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಇಳಿಜಾರಿನಲ್ಲಿ ಬಿಯಾಂಕಾವಿಲ್ಲಾ ಎಂಬ ಸಣ್ಣ ಪಟ್ಟಣ. ಜನಸಂಖ್ಯೆ 25 ಸಾವಿರಕ್ಕೂ ಕಡಿಮೆ. 1990ರ ದಶಕದಲ್ಲಿ ಇಟಲಿಯ ಸಂಶೋಧಕರು 1988ರಿಂದ 1992ರವರೆಗೆ ದೇಶದ ಯಾವ ಯಾವ ಊರಿನಲ್ಲಿ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಿನಿಂದ ಎಷ್ಟು ಜನ ಸತ್ತಿದ್ದಾರೆ ಎಂದು ಲೆಕ್ಕ ತೆಗೆದರು. ಬಿಯಾಂಕಾವಿಲ್ಲಾದ ಸಂಖ್ಯೆ ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚಿತ್ತು.

ಆ ಕ್ಯಾನ್ಸರಿನ ಹೆಸರು ಮೀಸೋಥೀಲಿಯೋಮಾ. ಇದು ಅಪರೂಪದ ಕಾಯಿಲೆ. ಬಂದರೆ ಬದುಕುಳಿಯುವುದು ಕಷ್ಟ. ಇದು ಎಲ್ಲಿ ಗುಂಪಾಗಿ ಕಾಣಿಸಿಕೊಂಡರೂ ವೈದ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಕಲ್ನಾರಿನ ಕೆಲಸ ಮಾಡಿದ್ದೀರಾ?" ಹಡಗುಕಟ್ಟೆ, ಶೀಟ್ ಕಾರ್ಖಾನೆ, ಬಾಯ್ಲರ್ ಕೆಲಸ, ಗಣಿ, ಹೀಗೆ.

ಬಿಯಾಂಕಾವಿಲ್ಲಾದಲ್ಲಿ ಇವು ಯಾವುವೂ ಇರಲಿಲ್ಲ. ಅಲ್ಲಿನ ರೋಗಿಗಳು ಕಲ್ನಾರನ್ನು ಕೈಯಲ್ಲಿ ಮುಟ್ಟಿದವರಲ್ಲ. ಇನ್ನೊಂದು ವಿಚಿತ್ರವೆಂದರೆ, ಕಾಯಿಲೆ ಹೆಂಗಸರಿಗೂ ಹೆಚ್ಚುಕಡಿಮೆ ಗಂಡಸರಷ್ಟೇ ಬಂದಿತ್ತು. ಚಿಕ್ಕ ವಯಸ್ಸಿನವರೂ ಇದ್ದರು. ಕೆಲಸದ ಜಾಗದಿಂದ ಬರುವ ಕಾಯಿಲೆಯಾಗಿದ್ದರೆ ದುಡಿಯುವ ಗಂಡಸರಲ್ಲೇ ಹೆಚ್ಚು ಕಾಣಬೇಕು. ಹೆಂಗಸರು, ಗಂಡಸರು ಎಲ್ಲರಿಗೂ ಬಂದಿದೆ ಎಂದರೆ ಊರಿನ ಗಾಳಿಯಲ್ಲೇ ಏನೋ ಇದೆ, ಅದೂ ಚಿಕ್ಕಂದಿನಿಂದ ಒಳಗೆ ಹೋಗುತ್ತಿದೆ ಎಂದರ್ಥ.

ಊರಿನ ಪಕ್ಕದಲ್ಲೇ ಮಾಂಟೆ ಕಾಲ್ವಾರಿಯೋ ಎಂಬ ಗುಡ್ಡ, ಅಲ್ಲಿ ಕಲ್ಲುಕ್ವಾರಿ. ದಶಕಗಳ ಕಾಲ ಆ ಕ್ವಾರಿಯ ಕಲ್ಲುಪುಡಿಯಿಂದಲೇ ಊರಿನ ಮನೆಗಳ ಗಾರೆ, ಗೋಡೆಯ ಪ್ಲಾಸ್ಟರ್ ಆಗಿತ್ತು. ಡಾಂಬರು ಕಾಣದ ರಸ್ತೆಗೂ ಅದನ್ನೇ ಹಾಸಿದ್ದರು. ಆ ಪುಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ ಸೂಜಿಯಂಥ ಎಳೆಗಳು ಕಂಡವು. ರೋಗಿಯ ಶ್ವಾಸಕೋಶದಲ್ಲೂ ಅವೇ ಎಳೆಗಳು. ಮುಂದೆ ಆ ಸುತ್ತಿನಲ್ಲಿ ಮೇಯುವ ಕುರಿಗಳ ಶ್ವಾಸಕೋಶದಲ್ಲೂ ಸಿಕ್ಕವು.

ಹಾಗಾದರೆ ಆ ಎಳೆ ಯಾವುದು?

*ಕಲ್ಲು ನಾರಾಗುವುದು ಹೇಗೆ?*

ಆಂಫಿಬೋಲ್ ಎಂಬುದು ಒಂದು ಖನಿಜದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅದರಲ್ಲಿ ನೂರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಎಲ್ಲರಿಗೂ ಒಂದೇ ಮೈಕಟ್ಟು. ಒಂದು ಸಿಲಿಕಾನ್ ಕಣದ ಸುತ್ತ ನಾಲ್ಕು ಆಕ್ಸಿಜನ್ ಕಣಗಳು ಕೂತು ಒಂದು ಮಣಿಯಂತಾಗುತ್ತವೆ. ಮಣಿಗೆ ಮಣಿ ಸೇರಿ ಉದ್ದನೆಯ ಸರ. ಇಂಥ ಎರಡು ಸರ ಅಕ್ಕಪಕ್ಕ ಸೇರಿ ಒಂದು ಜೋಡಿ ಸರ. ಈ ಜೋಡಿ ಸರಗಳನ್ನು ಒಂದರ ಪಕ್ಕ ಒಂದಿಟ್ಟು ನಡುವೆ ಲೋಹದ ಕಣಗಳಿಂದ ಅಂಟಿಸಿದರೆ ಆಂಫಿಬೋಲ್.

ಸರ ಗಟ್ಟಿ, ಸರ ಸರದ ನಡುವಿನ ಅಂಟು ಅಷ್ಟು ಗಟ್ಟಿಯಲ್ಲ. ಹಾಗಾಗಿ ಬಿದಿರು ಉದ್ದಕ್ಕೆ ಸೀಳುವಂತೆ ಇದೂ ಉದ್ದಕ್ಕೇ ಸೀಳುತ್ತದೆ. ಬಹಳ ಸಲ ಆಂಫಿಬೋಲ್ ದಪ್ಪ ದಪ್ಪ ಹರಳಾಗಿಯೇ ಬೆಳೆಯುತ್ತದೆ. ಅನೇಕ ಗ್ರಾನೈಟ್ ಕಲ್ಲುಗಳಲ್ಲಿ ಕಾಣುವ ಕಪ್ಪು ಚುಕ್ಕೆಗಳಲ್ಲಿ ಹಾರ್ನ್‌ಬ್ಲೆಂಡ್ ಎಂಬ ಆಂಫಿಬೋಲ್ ಇರುತ್ತದೆ. ಅಂಥ ಕಲ್ಲಿನ ಮೇಲೆ ಕೂತರೂ, ಮಲಗಿದರೂ ಏನೂ ಆಗುವುದಿಲ್ಲ. ಆದರೆ ಕೆಲವು ಜಾಗಗಳಲ್ಲಿ ಇದೇ ಕುಟುಂಬದ ಖನಿಜ ಸಣ್ಣ ಸಣ್ಣ ನಾರಾಗಿ ಬೆಳೆಯುತ್ತದೆ. ಕಷ್ಟ ಶುರುವಾಗುವುದು ಅಲ್ಲಿ.

*ಹೆಸರಿಡುವ ಶಾಸ್ತ್ರ*

ನಾವು ಊರಿನಿಂದ ಹೊರಗೆ ಬಂದಾಗ ಹೆಸರಿನ ತಾಪತ್ರಯ ಎಲ್ಲರಿಗೂ ಆಗಿದೆ. ಮುಂಬೈಯ ಶಾಲೆಯಲ್ಲಿ "ಸರ್‌ನೇಮ್ ಏನು?" ಎಂದು ಕೇಳುತ್ತಾರೆ. ಚೆನ್ನೈಯಲ್ಲಿ "ಇನಿಷಿಯಲ್ ಏನು?" ಎನ್ನುತ್ತಾರೆ. ಒಂದೇ ಮಗುವಿಗೆ ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರು. ಖನಿಜಗಳಿಗೆ ಹೀಗಾಗಬಾರದು ಎಂದು ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘಟನೆಯ ಒಂದು ಸಮಿತಿ ಇದೆ. ಹೊಸ ಖನಿಜ ಸಿಕ್ಕಿದೆ ಎನ್ನುವವರು ಅದರ ಬಣ್ಣ, ಬೆಳಕಿನಲ್ಲಿ ತೋರುವ ಗುಣ, ರಾಸಾಯನಿಕ ಲೆಕ್ಕ, ಒಳರಚನೆ ಎಲ್ಲವನ್ನೂ ಬರೆದು ಕಳಿಸಬೇಕು. ಸಮಿತಿ ಸದಸ್ಯರು ಮತ ಹಾಕಿ ಒಪ್ಪಬೇಕು. ಮಾದರಿ ಕಲ್ಲನ್ನು ಒಂದು ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬಹುದು.

ಆಂಫಿಬೋಲಿನ ಲೆಕ್ಕ ಹೀಗಿದೆ. ಅದರೊಳಗೆ ಕೂರಲು ನಿಗದಿಯಾದ ಜಾಗಗಳಿವೆ, ಬಸ್ಸಿನ ಸೀಟಿನ ಹಾಗೆ. ಯಾವ ಸೀಟಿನಲ್ಲಿ ಯಾವ ಧಾತು ಹೆಚ್ಚು ಕೂತಿದೆ ಎಂಬುದರ ಮೇಲೆ ಹೆಸರು. ಟ್ರೆಮೊಲೈಟ್ ಎಂಬ ಸದಸ್ಯನನ್ನು ತೆಗೆದುಕೊಳ್ಳಿ. ಅದರಲ್ಲಿ 2 ಕ್ಯಾಲ್ಸಿಯಂ, 5 ಮೆಗ್ನೀಷಿಯಂ, 8 ಸಿಲಿಕಾನ್. ಒಂದು ದೊಡ್ಡ ಸೀಟು ಮಾತ್ರ ಖಾಲಿ. ಈಗ 8 ಸಿಲಿಕಾನಿನಲ್ಲಿ ಒಂದು ಎದ್ದು ಹೋಗಿ ಅಲ್ಲಿ ಅಲ್ಯೂಮಿನಿಯಂ ಬಂದು ಕೂತಿತು ಎನ್ನಿ. ಆಗ ವಿದ್ಯುತ್ ಲೆಕ್ಕದಲ್ಲಿ ಒಂದು ಕಡಿಮೆ ಬೀಳುತ್ತದೆ. ಅದನ್ನು ಸರಿದೂಗಿಸಲು ಆ ಖಾಲಿ ಸೀಟಿಗೆ ಒಂದು ಸೋಡಿಯಂ ಬರುತ್ತದೆ. ಇಷ್ಟು ಬದಲಾದರೆ ಅದು ಟ್ರೆಮೊಲೈಟ್ ಅಲ್ಲ, ಈಡನೈಟ್. ಅಮೆರಿಕದ ಈಡನ್‌ವಿಲ್ ಎಂಬ ಊರಿನಿಂದ ಬಂದ ಹೆಸರು ಅದು.

ಇನ್ನೂ ಎರಡು ಸೀಟು ಉಳಿದಿವೆ. ಸಾಮಾನ್ಯವಾಗಿ ಅಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ಜೋಡಿ ಕೂತಿರುತ್ತದೆ. ಅವುಗಳ ಬದಲು ಫ್ಲೋರಿನ್ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿದ್ದರೆ ಹೆಸರಿನ ಮುಂದೆ "ಫ್ಲೋರೋ" ಎಂದು ಸೇರಿಸಬೇಕು. ಮನೆತನದ ಹೆಸರು ಈಡನೈಟ್, ಇನಿಷಿಯಲ್ ಫ್ಲೋರೋ ಎಂದುಕೊಳ್ಳಿ.

ಬಿಯಾಂಕಾವಿಲ್ಲಾದ ಎಳೆಗಳನ್ನು ಮೊದಲು ನೋಡಿದವರು ಅವು ಟ್ರೆಮೊಲೈಟಿಗೂ ಅದರ ಸೋದರ ಆಕ್ಟಿನೊಲೈಟಿಗೂ ನಡುವಿನದು ಎಂದುಕೊಂಡಿದ್ದರು. ಎಳೆ ಅಷ್ಟು ಸಣ್ಣದು, ಸರಿಯಾಗಿ ಅಳೆಯುವುದು ಕಷ್ಟ. ಅದೃಷ್ಟಕ್ಕೆ ಅದೇ ಕ್ವಾರಿಯಲ್ಲಿ ಅದೇ ಖನಿಜದ ಹಳದಿ ಬಣ್ಣದ, ಗಾಜಿನಂತೆ ಹೊಳೆಯುವ ಹರಳುಗಳೂ ಸಿಕ್ಕವು. ಅವುಗಳ ಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಯಾವ ಧಾತು ಎಷ್ಟಿದೆ ಎಂದು ಅಳೆದರು. ಎಕ್ಸ್-ರೇ ಹಾಯಿಸಿ ಯಾವ ಸೀಟಿನಲ್ಲಿ ಯಾರಿದ್ದಾರೆ ಎಂದು ತಿಳಿದರು. ಉತ್ತರ ಸ್ಪಷ್ಟವಾಗಿತ್ತು: 1 ಸೋಡಿಯಂ, 2 ಕ್ಯಾಲ್ಸಿಯಂ, 5 ಮೆಗ್ನೀಷಿಯಂ, 7 ಸಿಲಿಕಾನ್, 1 ಅಲ್ಯೂಮಿನಿಯಂ, 22 ಆಕ್ಸಿಜನ್, 2 ಫ್ಲೋರಿನ್ ಎಂಬ ಸೂತ್ರಕ್ಕೆ ಹೊಂದುವ ಖನಿಜ.

ಸಮಿತಿ ಒಪ್ಪಿತು. 2001ರಲ್ಲಿ ಆಂಟೋನಿಯೋ ಜಾನ್‌ಫಾನ್ಯಾ ಮತ್ತು ರೊಬರ್ಟಾ ಒಬೆರ್ಟಿ ಎಂಬ ಇಟಲಿಯ ವಿಜ್ಞಾನಿಗಳು ಅಮೆರಿಕನ್ ಮಿನರಾಲಜಿಸ್ಟ್ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಹೊಸ ಖನಿಜದ ಹೆಸರು ಫ್ಲೋರೋ-ಈಡನೈಟ್. 2012ರಲ್ಲಿ ಇಡೀ ಆಂಫಿಬೋಲ್ ಕುಟುಂಬದ ಹೆಸರಿನ ನಿಯಮಗಳನ್ನು ಮತ್ತೆ ಬರೆದಾಗಲೂ ಈ ಹೆಸರು ಉಳಿಯಿತು.

*ಹೆಸರಿನಿಂದ ಏನಾಯಿತು?*

ಇಲ್ಲಿ ಗಮನಿಸಬೇಕಾದ ಮಾತಿದೆ. ಅನೇಕ ದೇಶಗಳ ಕಾನೂನಿನಲ್ಲಿ ಕಲ್ನಾರು ಎಂದರೆ 6 ಹೆಸರು ಮಾತ್ರ. ಕ್ರಿಸೊಟೈಲ್ ಒಂದು. ಇದು ಆಂಫಿಬೋಲ್ ಕುಟುಂಬದ್ದಲ್ಲ. ಉಳಿದ 5 ಆಂಫಿಬೋಲ್‌ಗಳು: ಕ್ರೊಸಿಡೊಲೈಟ್, ಅಮೊಸೈಟ್, ಆಂಥೊಫಿಲೈಟ್, ಟ್ರೆಮೊಲೈಟ್, ಆಕ್ಟಿನೊಲೈಟ್. ಒಂದು ಕಾಲಕ್ಕೆ ವ್ಯಾಪಾರದಲ್ಲಿದ್ದ ಅಥವಾ ಗಣಿಯಲ್ಲಿ ಹೆಚ್ಚು ಸಿಗುತ್ತಿದ್ದ ನಾರುಗಳ ಪಟ್ಟಿ ಅದು. ಫ್ಲೋರೋ-ಈಡನೈಟ್ ಆ ಪಟ್ಟಿಯಲ್ಲಿಲ್ಲ. ಇಟಲಿ 1992ರಲ್ಲೇ ಕಲ್ನಾರನ್ನು ನಿಷೇಧಿಸಿತ್ತು. ಆದರೆ ಬಿಯಾಂಕಾವಿಲ್ಲಾದ ರಸ್ತೆಯಲ್ಲಿ ಹಾರುತ್ತಿದ್ದ ನಾರಿಗೆ ಆಗ ಹೆಸರೇ ಇರಲಿಲ್ಲ.

ಇದೊಂದೇ ಅಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಊರಿನ ಗಣಿಯ ಧೂಳಿನಿಂದ ಎಷ್ಟೋ ಜನ ಸತ್ತರು. ಅಲ್ಲಿನ ನಾರಿನಲ್ಲಿ ಹೆಚ್ಚಾಗಿದ್ದದ್ದು ವಿಂಚೈಟ್ ಮತ್ತು ರಿಕ್ಟರೈಟ್ ಎಂಬ ಆಂಫಿಬೋಲ್‌ಗಳು. ಇವೂ ಆ 6ರ ಪಟ್ಟಿಯಲ್ಲಿಲ್ಲ. 2009ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಕಲ್ಲು ವಿಜ್ಞಾನಿಗಳು ಖನಿಜವನ್ನು ವಿಂಗಡಿಸುವುದು ಒಳಗಿನ ಧಾತುಗಳನ್ನು ನೋಡಿ. ಅವರಿಗೆ ದಪ್ಪ ಹಳದಿ ಹರಳೂ ಫ್ಲೋರೋ-ಈಡನೈಟ್, ಕಣ್ಣಿಗೆ ಕಾಣದ ಎಳೆಯೂ ಫ್ಲೋರೋ-ಈಡನೈಟ್. ಶ್ವಾಸಕೋಶ ವಿಂಗಡಿಸುವ ರೀತಿ ಬೇರೆ. ಅದು ಕೇಳುವುದು ಮೂರೇ ಪ್ರಶ್ನೆ: ಒಳಗೆ ಬರುವಷ್ಟು ಸಣ್ಣದೇ? ಎಳೆಯಂತೆ ಉದ್ದವೇ? ಕರಗದೆ ಉಳಿಯುತ್ತದೆಯೇ? ಮೂರಕ್ಕೂ ಹೌದು ಎಂದರೆ ಹೆಸರು ಯಾವುದಾದರೂ ಅಪಾಯ.

ಆದರೂ ಹೆಸರು ಬೇಕಿತ್ತು. ಹೆಸರಿಲ್ಲದ ವಸ್ತುವನ್ನು ಅಳೆಯಲಾಗದು, ಪ್ರಯೋಗ ಮಾಡಲಾಗದು, ಕಾನೂನಿನಲ್ಲಿ ಬರೆಯಲಾಗದು. ಹೆಸರು ಬಂದ ಮೇಲೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು, ಜನರ ಅಧ್ಯಯನ ಮುಂದುವರಿಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಾರಿನ ರೂಪದ ಫ್ಲೋರೋ-ಈಡನೈಟನ್ನು 1ನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪು ಅದು. ಅಷ್ಟರೊಳಗೆ ಇಟಲಿ ಸರ್ಕಾರ ಬಿಯಾಂಕಾವಿಲ್ಲಾವನ್ನು ರಾಷ್ಟ್ರಮಟ್ಟದಲ್ಲಿ ಶುಚಿಗೊಳಿಸಬೇಕಾದ ಜಾಗಗಳ ಪಟ್ಟಿಗೆ ಸೇರಿಸಿತ್ತು. ಕ್ವಾರಿಯನ್ನು ಮುಚ್ಚಿದರು, ಮಣ್ಣಿನ ರಸ್ತೆಗೆ ಡಾಂಬರು ಹಾಕಿದರು. ಧೂಳು ಏಳದಂತೆ ಮಾಡುವುದೇ ಮದ್ದು.

*ಒಳಗೆ ಹೋದ ನಾರು ಏನು ಮಾಡುತ್ತದೆ?*

ತಜ್ಞರು ಲೆಕ್ಕಕ್ಕೆ ಹಿಡಿಯುವ ನಾರು 5 ಮೈಕ್ರಾನಿಗಿಂತ ಉದ್ದ, 3 ಮೈಕ್ರಾನಿಗಿಂತ ತೆಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಹಾಗಾಗಿ ಈ ನಾರು ಕಣ್ಣಿಗೆ ಕಾಣದು, ಮೂಗಿನಲ್ಲಿ ನಿಲ್ಲದು, ಕೆಮ್ಮೂ ಬರಿಸದು.

ಶ್ವಾಸಕೋಶದಲ್ಲಿ ಕಸ ನುಂಗುವ ಜೀವಕೋಶಗಳಿವೆ. ಉದ್ದನೆಯ ಎಳೆಯನ್ನು ಅವು ಪೂರ್ತಿ ನುಂಗಲಾರವು. ನುಂಗಲು ಹೋಗಿ ತಾವೇ ಸಾಯುತ್ತವೆ, ಸುತ್ತ ಉರಿಯೂತ ಆಗುತ್ತದೆ. ಎಳೆ ಅಲ್ಲೇ ಉಳಿಯುತ್ತದೆ. ಇದು ವರ್ಷಗಟ್ಟಲೆ ನಡೆಯುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಬೇಕಾಗಬಹುದು. ಅಂದರೆ ಇಂದು ಕೆಮ್ಮುತ್ತಿರುವ ಅಜ್ಜನಿಗೆ ಕಾರಣ ಅವರು 30ನೇ ವಯಸ್ಸಿನಲ್ಲಿ ಮಾಡಿದ ಕೆಲಸ ಇರಬಹುದು.

*ಈಗ ನಮ್ಮ ಮನೆಯ ಮಾತು*

ಭಾರತದಲ್ಲಿ ಸಿಗುವ ಕಲ್ನಾರಿನ ಸಿಮೆಂಟ್ ಶೀಟಿನಲ್ಲಿ ಇರುವುದು ಹೊರದೇಶದಿಂದ ತರಿಸಿದ ಕ್ರಿಸೊಟೈಲ್. ಇದು ಆಂಫಿಬೋಲ್ ಅಲ್ಲ, ಫ್ಲೋರೋ-ಈಡನೈಟ್ ಅಂತೂ ಅಲ್ಲವೇ ಅಲ್ಲ. ಆದರೆ ಇದೂ ಅದೇ 1ನೇ ಗುಂಪಿನಲ್ಲಿದೆ. ಹೆದರಬೇಡಿ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಗಟ್ಟಿಯಾಗಿ, ಒಡೆಯದೆ ಇರುವ ಶೀಟಿನ ಕೆಳಗೆ ಮಲಗಿದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಅಪಾಯ ಇರುವುದು ಅದನ್ನು ಒಡೆದಾಗ, ಕೊಯ್ದಾಗ, ಕೊರೆದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ. ಆದ್ದರಿಂದ:

1. ಡಿಶ್ ಆಂಟೆನಾಕ್ಕೆ, ಫ್ಯಾನಿಗೆ, ವೈರಿಗೆ ಎಂದು ಶೀಟಿಗೆ ತೂತು ಕೊರೆಯಬೇಡಿ. ಕಂಬಕ್ಕೋ ಗೋಡೆಗೋ ಕಟ್ಟಿ.

2. ಪಾಚಿ ತೆಗೆಯಲು ತಂತಿ ಬ್ರಷ್ ಹಾಕಿ ಉಜ್ಜಬೇಡಿ.

3. ಶೀಟು ಒಡೆದರೆ ಮೊದಲು ನೀರು ಚಿಮುಕಿಸಿ. ಒಣ ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೂರುಗಳನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

4. ಹಳೆಯ ಶೀಟು ತೆಗೆಯಬೇಕಾದರೆ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಲು ಹೇಳಿ. ಸುತ್ತಿಗೆ ಮತ್ತು ಕಟರ್ ಬೇಡ. ಕರವಸ್ತ್ರ, ಬಟ್ಟೆ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ. ಪಿ100 ಅಥವಾ ಎಫ್ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು.

5. "ಊರಿನಲ್ಲಿ ದನದ ಕೊಟ್ಟಿಗೆಗೆ ಆಗುತ್ತದೆ" ಎಂದು ಮುರಿದ ಶೀಟುಗಳನ್ನು ಲಾರಿಯಲ್ಲಿ ಕಳಿಸಬೇಡಿ. ಚೂರುಗಳನ್ನು ಗುಂಡಿ ತುಂಬಲು, ದಾರಿಗೆ ಹಾಸಲು ಬಳಸಬೇಡಿ. ಬಿಯಾಂಕಾವಿಲ್ಲಾದವರು ತಿಳಿಯದೆ ಮಾಡಿದ್ದು ಇದನ್ನೇ.

6. ಮನೆಯಲ್ಲಿ ಯಾರಾದರೂ ಕಟ್ಟಡ ಒಡೆಯುವ, ಶೀಟ್ ಹಾಕುವ ಕೆಲಸ ಮಾಡುತ್ತಿದ್ದರೆ ಅವರ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ಬೇರೆಯಾಗಿ ನೆನೆಸಿ ಒಗೆಯಿರಿ. ಗಂಡನ ಬಟ್ಟೆ ಒಗೆದದ್ದರಿಂದಲೇ ಕಾಯಿಲೆಯಾದ ಹೆಂಡತಿಯರ ಉದಾಹರಣೆ ಹಲವು ದೇಶಗಳಲ್ಲಿವೆ.

7. ಬೀಡಿ, ಸಿಗರೇಟು ಬಿಡಿ. ಕಲ್ನಾರಿನ ಧೂಳು ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಪಟ್ಟು ಏರುತ್ತದೆ.

*ಹಿರಿಯರನ್ನು ಒಂದು ಮಾತು ಕೇಳಿ*

ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಅಪ್ಪ, ಮಾವ, ದೊಡ್ಡಪ್ಪ, ಅಜ್ಜ ಯೌವನದಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ ಬರೆದಿಡಿ. ಗಿರಣಿಯ ಬಾಯ್ಲರ್, ಹಡಗಿನ ರಿಪೇರಿ, ಬ್ರೇಕ್ ಲೈನಿಂಗ್, ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತುವುದು, ಶೀಟ್ ಕಾರ್ಖಾನೆ, ಹಳೆ ಕಟ್ಟಡ ಒಡೆಯುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಎಷ್ಟು ವರ್ಷ, ಯಾವ ಊರು ಎಂದೂ ಬರೆಯಿರಿ.

ಅಂಥವರಿಗೆ ಏದುಸಿರು, ತಿಂಗಳುಗಟ್ಟಲೆ ಹೋಗದ ಒಣ ಕೆಮ್ಮು, ಎದೆಯ ಒಂದು ಬದಿ ನೋವು, ಎದೆಯಲ್ಲಿ ನೀರು ತುಂಬುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಶ್ವಾಸಕೋಶದ ತಜ್ಞರ ಬಳಿ ಹೋಗಿ. ನಮ್ಮಲ್ಲಿ ಎದೆಯಲ್ಲಿ ನೀರು ಎಂದ ಕೂಡಲೇ ಟಿಬಿ ಎಂದುಕೊಳ್ಳುವುದು ವಾಡಿಕೆ. ಟಿಬಿಯೂ ಇರಬಹುದು, ಪರೀಕ್ಷೆ ಆಗಲಿ. ಆದರೆ "ನಮ್ಮ ತಂದೆ ಇಂಥ ಕೆಲಸ ಮಾಡಿದ್ದರು" ಎಂಬ ಮಾತನ್ನು ನೀವಾಗಿಯೇ ಹೇಳಿ. ಬೇರೆ ಭಾಷೆಯ ಊರಿನಲ್ಲಿ, ಗಡಿಬಿಡಿಯ ಓಪಿಡಿಯಲ್ಲಿ ವೈದ್ಯರು ಅದನ್ನು ಕೇಳುವ ಹೊತ್ತು ಸಿಗದೇ ಹೋಗಬಹುದು. ಹೇಳಲು ಭಾಷೆ ತೊಡಕಾದರೆ ಚೀಟಿಯಲ್ಲಿ ಬರೆದು ಕೊಡಿ.

ಇನ್ನೊಂದು ವಿಷಯ. 1995ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಮಿಕರ ಬಗ್ಗೆ ತೀರ್ಪು ಕೊಟ್ಟಿದೆ. ಅದರ ಪ್ರಕಾರ ಕಾರ್ಖಾನೆಯವರು ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರ ಬರುತ್ತದೋ ಅಲ್ಲಿಯವರೆಗೆ ಇಟ್ಟಿರಬೇಕು. ಹಳೆಯ ಗುರುತಿನ ಚೀಟಿ, ಇಎಸ್ಐ ಕಾರ್ಡು, ಸಂಬಳದ ಚೀಟಿ ಇದ್ದರೆ ಎಸೆಯಬೇಡಿ. ಮುಂದೆ ಪರಿಹಾರ ಕೇಳಲು ಅವೇ ಸಾಕ್ಷಿ.

ಬಿಯಾಂಕಾವಿಲ್ಲಾದ ಜನ ತಮ್ಮ ಊರಿನ ಕಲ್ಲಿನಿಂದ ತಮ್ಮ ಮನೆ ಕಟ್ಟಿಕೊಂಡರು, ಅಷ್ಟೇ. ತಪ್ಪು ಅವರದಲ್ಲ. ಧೂಳಿನಲ್ಲಿ ಏನಿದೆ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅದಕ್ಕಿನ್ನೂ ಹೆಸರೇ ಇರಲಿಲ್ಲ. ನಮ್ಮ ಶೀಟಿನಲ್ಲಿರುವುದಕ್ಕೆ ಹೆಸರಿದೆ. ಕನ್ನಡದಲ್ಲೂ ಇದೆ. ಗೊತ್ತಿದ್ದ ಮೇಲೆ ಜಾಗ್ರತೆ ನಮ್ಮ ಕೈಯಲ್ಲಿದೆ.

ಈ ಬರಹ ತಿಳುವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಬದಲಲ್ಲ. ಶೀಟಿನ ಮನೆಯಲ್ಲಿರುವ, ಕಟ್ಟಡ ಕೆಲಸಕ್ಕೆ ಹೋಗುವ ನಿಮ್ಮ ಬಳಗದವರಿಗೆ ದಯವಿಟ್ಟು ಕಳುಹಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಎಲ್ಲರೂ ಚೆನ್ನಾಗಿರಿ.